ರೋಸಮ್ಮನ ಪೀಪಾಯಿಯ ಹೆಪ್ಪು

ಮೊನ್ನೆ ಮೂರ್ನಾಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೋಮ್‌ಮೇಡ್ ವೈನ್ ಮಾರುವ ಅಂಗಡಿಯ ಹೆಂಗಸೊಬ್ಬಳು ಖಾಲಿ ಭರಣಿಯನ್ನು ಹೊರಗೆ ತಂದು, ತಳದಲ್ಲಿದ್ದ ಗಸಿಯನ್ನು ಚರಂಡಿಗೆ ಚೆಲ್ಲಿದಳು. ಮೊದಲು ದ್ರಾಕ್ಷಿಯ ಹುಳಿ, ಅದರ ಹಿಂದೆಯೇ ಹಳೆಬೆಲ್ಲದ, ಒದ್ದೆ ಮರದ ವಾಸನೆ. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಬಸ್ಸು ಬಂದುಹೋದದ್ದೂ ತಿಳಿಯದೆ ನಿಂತುಬಿಟ್ಟೆ. ತಲೆ ನರೆತ ಹೆಂಗಸೊಬ್ಬಳು ಚರಂಡಿಯ ಮುಂದೆ ಕಣ್ಣು ತುಂಬಿಕೊಂಡು ನಿಂತರೆ ನೋಡಿದವರು ಏನೆಂದುಕೊಂಡಾರು! ನಗಬೇಡಿ, ನಿಮಗೂ ಅಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ನನಗೆ ಅದು ರೋಸಮ್ಮನವರ ಅಟ್ಟದ ವಾಸನೆ.

ಅಪ್ಪ ಸಿದ್ದಾಪುರದ ಬಳಿಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಗಾದರೆ ಲೈನ್‌ಮನೆಯ ಆಳುಗಳ ಹಾಜರಿ ಕೂಗಿ ಕಾಫಿಹಣ್ಣಿನ ಪಿಕ್ಕಿಂಗಿಗೆ ಕಳಿಸುವುದು ಅವರ ಕೆಲಸ. ನಾವು ಶನಿವಾರಸಂತೆ ಕಡೆಯವರು. ಕೊರಳಲ್ಲಿ ಲಿಂಗ, ಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆ. ಅಂಥ ಮನೆಯ ನನ್ನ ಅವ್ವ ಧಣಿಗಳ ಬಂಗಲೆಯ ಅಡುಗೆಮನೆ ನೋಡಿಕೊಳ್ಳುತ್ತಿದ್ದಳು. ಬಂಗಲೆಯಲ್ಲಿದ್ದವರು ರೋಸಮ್ಮನವರು ಒಬ್ಬರೇ. ಅವರ ನಿಜವಾದ ಹೆಸರು ರೋಸಾ, ಊರು ಇಟಲಿ. ಅಲ್ಲಿಗೆ ಓದಲು ಹೋಗಿದ್ದ ಎಸ್ಟೇಟಿನ ಧಣಿಯನ್ನು ಮದುವೆಯಾಗಿ ಬಂದವರು, ಧಣಿ ತೀರಿಕೊಂಡ ಮೇಲೂ ಹಿಂತಿರುಗದೆ ಇಲ್ಲೇ ಉಳಿದರು. ಲೈನ್‌ಮನೆಯವರಿಂದ ಕಲಿತ ಅವರ ಕನ್ನಡದಲ್ಲಿ ತಮಿಳು, ಮಲಯಾಳ, ಅರೆಭಾಷೆ ಎಲ್ಲವೂ ಕಲಸಿಹೋಗಿದ್ದವು.

ಮಧ್ಯಾಹ್ನದ ಊಟಕ್ಕೆ ಒಂದು ಗ್ಲಾಸು ವೈನ್ ಅವರಿಗೆ ಬೇಕೇಬೇಕು. ಅದನ್ನು ಕಂಡು ಅವ್ವ, “ನಿಮ್ಮೂರಾಗೆ ಎಳೆಮಕ್ಳಿಗೂ ಕುಡಿಸ್ತಾರಂತಲ್ಲ ಅಮ್ಮೋರೇ?” ಎಂದು ಕಾಲೆಳೆಯುವಳು. “ಕುಡಿಯೋದಕ್ಕಲ್ಲ ಪಾರ್ವತಿ, ಊಟಕ್ಕೆ. ನೀವು ಮಜ್ಜಿಗೆ ಇಟ್ಕೊಳ್ಳೋದಿಲ್ವ, ಹಂಗೇ. ಮಕ್ಕಳಿಗೆ ನೀರಲ್ಲಿ ನಾಲ್ಕು ಹನಿ,” ಎನ್ನುವರು. ಹಾಗೆ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಇಟಲಿಯಲ್ಲಿ ಬೆಟ್ಟಕ್ಕೊಂದು ವೈನ್ ಅಂತೆ. ಒಂದು ಊರಿನದು ಪಕ್ಕದ ಊರಿನವನಿಗೆ ಸೇರುವುದಿಲ್ಲವಂತೆ. ಉತ್ತರದ ಮಂಜಿನ ಗುಡ್ಡಗಳ ಬರೋಲೊ ಎಂಬ ವೈನ್ ಮೊದಮೊದಲು ಬಾಯಿ ಒಗರು ಮಾಡುತ್ತದೆ, ವರ್ಷಗಟ್ಟಲೆ ಕಾದವನಿಗೆ ಮಾತ್ರ ಒಲಿಯುತ್ತದೆ. ಅವರ ಕಡೆಯ ಕಿಯಾಂತಿಯ ಬಾಟಲಿಗೆ ಹುಲ್ಲಿನ ಬುಟ್ಟಿಯ ಅಂಗಿ. ಗ್ಲಾಸಿಗೆ ವೈನ್ ಬಗ್ಗಿಸುವಾಗ ಮುಂಗೈ ತಿರುಚಬಾರದು, ಅದು ಅತಿಥಿಗೆ ಮಾಡುವ ದ್ರೋಹ; ಗ್ಲಾಸು ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕು. ಒಂದು ತೊಟ್ಟೂ ಮುಟ್ಟದ ಅವ್ವ ಸೊಪ್ಪು ಸೋಸುತ್ತಾ ಇದನ್ನೆಲ್ಲ ಪುರಾಣ ಕೇಳುವಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಳು.

ಆದರೆ ಅವರ ಜೀವವೆಲ್ಲ ಇದ್ದದ್ದು ಅಟ್ಟದ ಮೇಲಿನ ಒಂದು ಪುಟ್ಟ ಪೀಪಾಯಿಯಲ್ಲಿ. ತವರಿನಿಂದ ಹಡಗಿನಲ್ಲಿ ತಂದದ್ದು. ಅದರಲ್ಲಿ ಮಾಡುತ್ತಿದ್ದುದು ವಿನ್ ಸಾಂತೊ, ಅಂದರೆ ದೇವರ ವೈನ್. ಬೇಸಗೆಯ ಮೊದಲಿಗೆ ಮೈಸೂರಿನಿಂದ ಬಿಳಿದ್ರಾಕ್ಷಿ ತರಿಸಿ, ಒಳ್ಳೆಯ ಗೊಂಚಲುಗಳನ್ನಷ್ಟೇ ಆರಿಸಿ ಅಟ್ಟದ ತಂತಿಗೆ ನೇತುಹಾಕುವರು. ಅವು ಸುಕ್ಕುಗಟ್ಟಿದ ಮೇಲೆ ಹಿಂಡಿ, ರಸವನ್ನು ಪೀಪಾಯಿಗೆ ತುಂಬಿ, ಬಿರಡೆಗೆ ಮೇಣ ಮೆತ್ತಿ, ಹೆಂಚಿನಡಿಯ ಕಾವಿಗೂ ಚಳಿಗೂ ಒಪ್ಪಿಸಿಬಿಡುವರು. ಮತ್ತೆ ತೆಗೆಯುವುದು ನಾಲ್ಕು ವರ್ಷದ ಮೇಲೆ. ನನಗೆ ಒಂಬತ್ತು ತುಂಬಿದ ವರ್ಷ ತೆಗೆದಾಗ ಅದು ಜೇನಿನ ಬಣ್ಣಕ್ಕಿತ್ತು. ಗಟ್ಟಿ ಬಾದಾಮಿ ಬಿಸ್ಕತ್ತನ್ನು ಅದರಲ್ಲಿ ಅದ್ದಿ ನನ್ನ ಬಾಯಿಗಿಟ್ಟರು. ಅವ್ವ ಆ ಹೊತ್ತಿಗೆ ಸರಿಯಾಗಿ ಒಲೆಯ ಕಡೆ ತಿರುಗಿಕೊಂಡಳು.

ಬಾಟಲಿಗಳಿಗೆ ತುಂಬಿಯಾಯಿತು, ಹೊಸ ದ್ರಾಕ್ಷಿ ತಂತಿಯ ಮೇಲೆ ಬಾಡುತ್ತಿತ್ತು. ಆಗಲೇ ರೋಸಮ್ಮನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೈಸೂರಿಗೆ ಹೊರಟರು. ಹೋಗುವಾಗ ಅವ್ವನಿಗೆ ಹೇಳಿದ್ದು ಒಂದೇ ಮಾತು: “ಪೀಪಾಯಿ ನೋಡ್ಕೋ ಪಾರ್ವತಿ.” ಅವ್ವ ನೋಡಿದಳು. ಓರೆ ಮಾಡಿದರೆ ಕಪ್ಪು ಲೋಳೆಯಂಥ ಗಸಿ ತೂತಿನಿಂದ ಜಿನುಗಿತು. “ಅಯ್ಯೋ ಪಾಪ, ಕಣ್ಣು ಕಾಣ್ದೆ ಇಷ್ಟು ಕೊಳೆ ಬಿಟ್ಕೊಂಡವ್ರೆ,” ಎಂದು ಅವಳ ಕರುಳು ಚುರ್ರೆಂದಿತು. ಕುದಿನೀರು, ಬೂದಿ, ಒಂದು ಹಿಡಿ ಮರಳು ಹಾಕಿ ಬಿರಡೆ ಬಿಗಿದಳು. ಕಾಫಿ ಕಣದ ಉದ್ದಕ್ಕೂ ಅವ್ವ ಆ ಕಡೆಯಿಂದ, ನಾನು ಈ ಕಡೆಯಿಂದ ಪೀಪಾಯಿ ಉರುಳಿಸಿದೆವು. ನನಗದು ಆಟ. ಮೂರು ನೀರು ತೊಳೆದು ಬಿಸಿಲಿಗೆ ಬೋರಲು ಹಾಕಿದ ಮೇಲೆ ಅದು ಹೊಸದರ ಹಾಗೆ ಕಂಡಿತು. ಅಮ್ಮೋರು ಬಂದು ನೋಡಿದರೆ ಎಷ್ಟು ಹಿಗ್ಗುತ್ತಾರೋ ಎಂದು ಅವ್ವ ದಿನ ಎಣಿಸಿದಳು.

ರೋಸಮ್ಮನವರು ಹೊಸ ಕನ್ನಡಕ ಹಾಕಿಕೊಂಡು ನೇರವಾಗಿ ಅಟ್ಟ ಹತ್ತಿದರು. ಪೀಪಾಯಿಗೆ ಮೂಗು ಹಚ್ಚಿದವರು ಅಲ್ಲೇ ಕುಸಿದು ಕುಳಿತರು. ಬೈಯಲಿಲ್ಲ. ನಿಧಾನವಾಗಿ ಹೇಳಿದರು. ಆ ಗಸಿ ಅವರ ಅಜ್ಜಿಯ ಪೀಪಾಯಿಯಿಂದ ತಾಯಿಗೆ, ತಾಯಿಯಿಂದ ಅವರಿಗೆ ಬಂದದ್ದು. ಪ್ರತಿ ಸಲ ಹೊಸ ರಸ ಹುಳಿಯುವುದು, ಆ ರುಚಿ ಬರುವುದು ಅದರಿಂದ. ಅವ್ವನ ಮುಖ ಬಿಳಿಚಿತು. “ಹೆಪ್ಪು ಅನ್ನಿ. ಹೆಪ್ಪನ್ನೇ ತೊಳ್ದಾಕ್ಬಿಟ್ನಲ್ಲಾ ಶಿವನೇ!”

ಹೆಪ್ಪು ಮುಗಿದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುವುದು ನಮ್ಮ ರೂಢಿ. “ನಿಮ್ಮೂರಾಗೆ ಯಾರತ್ರಾನೂ ಇಲ್ವಾ ಅಮ್ಮೋರೇ?” ಎಂದು ಅವ್ವ ಕೇಳಿದಳು. ರೋಸಮ್ಮನವರ ತವರುಮನೆ ಮಾರಿಹೋಗಿತ್ತು, ಅಲ್ಲಿನ ಪೀಪಾಯಿಗಳು ಸೌದೆಯಾಗಿದ್ದವು. “ತಪ್ಪು ನಂದು ಪಾರ್ವತಿ. ನಮ್ಮ ಕಡೆ ಇದನ್ನ ಯಾರಿಗೂ ಹೇಳೋದೇ ಬೇಕಿಲ್ಲ. ನಿಂಗೆ ಹೇಳಬೇಕು ಅಂತ ನಂಗೆ ಹೊಳೀಲಿಲ್ಲ,” ಎಂದರು ರೋಸಮ್ಮನವರು. ಆ ಮಾತಿಗೆ ಅವ್ವ ಇನ್ನಷ್ಟು ಕುಗ್ಗಿಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಮರುದಿನ ಸ್ನಾನ ಮುಗಿಸಿಬಂದವಳೇ ಅವ್ವ ಬಾಟಲಿಗಳ ಗೂಡಿನ ಮುಂದೆ ಕುಳಿತಳು. ಅಲ್ಲಿಯವರೆಗೆ ಬಟ್ಟೆ ಸುತ್ತದೆ ಅವುಗಳನ್ನು ಮುಟ್ಟಿದವಳಲ್ಲ. ಒಂದೊಂದನ್ನೂ ಬರಿಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಪೀಪಾಯಿಯ ತಳದಿಂದ ಕೊನೆಗೆ ತುಂಬಿದ ಎರಡು ಬಾಟಲಿಗಳಲ್ಲಿ ಮಸುಕಾಗಿ ಏನೋ ನಿಂತಿತ್ತು. ಮೇಲಿನ ತಿಳಿಯನ್ನು ಬಗ್ಗಿಸಿ ತೆಗೆದಾಗ ಎರಡು ಚಮಚ ಗಸಿ ಸಿಕ್ಕಿತು. “ಇಷ್ಟು ಸಾಕಾ?” ಎಂದು ರೋಸಮ್ಮನವರು ಅನುಮಾನಿಸಿದರೆ, “ಹೆಪ್ಪು ಒಂದನಿ ಸಾಕು ಅಮ್ಮೋರೇ, ಬೆಚ್ಚಗಿದ್ರೆ ಹಿಡೀತದೆ,” ಎಂದಳು. ಸುದ್ದಿ ಕೇಳಿ ಅಪ್ಪ ಕೆಂಡವಾದರು. “ಲಿಂಗ ಮುಟ್ಟೋ ಕೈಯಾಗೆ ಹೆಂಡ ಮುಟ್ಟಿದ್ಯಾ?” ಅವ್ವ ತಲೆ ಎತ್ತದೆ, “ನಾನು ಮುಟ್ಟಿದ್ದು ಹೆಪ್ಪು,” ಎಂದಳು. ಎರಡು ದಿನ ಅಪ್ಪ ಅವಳ ಕೈಯ ಊಟ ಮಾಡಲಿಲ್ಲ.

ಹೊಸ ರಸಕ್ಕೆ ಆ ಎರಡು ಚಮಚ ಬೆರೆಸಿ ಮೇಣ ಮೆತ್ತಿದರು. ಹಿಡಿಯಿತೋ ಇಲ್ಲವೋ ತಿಳಿಯಲು ನಾಲ್ಕು ವರ್ಷ ಕಾಯಬೇಕು. ಮೂರನೆಯ ಮಳೆಗಾಲದಲ್ಲಿ ರೋಸಮ್ಮನವರು ತೀರಿಕೊಂಡರು. ಜ್ವರದಲ್ಲೂ ಅವ್ವನ ಕೈ ಹಿಡಿದು, “ತೆಗೆಯೋ ದಿನ ಇಬ್ಬರೂ ನೋಡೋಣ,” ಎನ್ನುತ್ತಿದ್ದರು. ಧಣಿಯ ಕಡೆಯವರು ಎಸ್ಟೇಟು ಮಾರಿದರು. ಬಂಗಲೆಯ ಸಾಮಾನು, ಹಳೆಯ ವೈನಿನ ಬಾಟಲಿಗಳ ಸಮೇತ, ಲಾರಿ ಹತ್ತುವ ದಿನ ಅವ್ವ ಪೀಪಾಯಿಯನ್ನು ಹಳೆ ಸೀರೆಯಲ್ಲಿ ಸುತ್ತಿ ನಮ್ಮ ಕ್ವಾರ್ಟರ್ಸಿಗೆ ತಂದಳು. ಅಪ್ಪ ಏಣಿ ಹಾಕಿ, ಸೌದೆಕೊಟ್ಟಿಗೆಯ ಹೆಂಚಿನಡಿ ತಾವೇ ಅದಕ್ಕೆ ಜಾಗ ಮಾಡಿಕೊಟ್ಟರು. ಬಂಗಲೆ ಈಗ ರೆಸಾರ್ಟ್ ಆಗಿದೆಯಂತೆ. ನಾನು ಆ ಕಡೆ ಹೋಗುವುದಿಲ್ಲ.

ನಾಲ್ಕು ವರ್ಷ ತುಂಬಿದ ದಿನ ಅವ್ವ ಮೇಣ ಕೆರೆದು ಬಿರಡೆ ತೆಗೆದಳು. ಬಣ್ಣ ಜೇನಿನದೇ. ಆದರೆ ರುಚಿ? ಅವ್ವ ಅದನ್ನು ಎಂದೂ ನಾಲಿಗೆಗೆ ಹಾಕಿದವಳಲ್ಲ. ಒಂದು ಚಮಚ ತುಂಬಿ ನನ್ನ ಮುಂದೆ ಹಿಡಿದಳು. “ಆವತ್ತು ನೀನು ತಿಂದಿದ್ದು ನಂಗೊತ್ತು ಕಣೆ. ನೋಡು, ಅದೇನಾ?” ಕುಡಿದೆ. ಮೊದಲು ಸಿಹಿ, ಕೊನೆಗೆ ಸಣ್ಣದೊಂದು ಕಹಿ. ಎಷ್ಟು ತಡಕಾಡಿದರೂ ಆ ಬಿಸ್ಕತ್ತಿನ ರುಚಿ ನನಗೆ ನೆನಪಾಗಲಿಲ್ಲ. ಅವ್ವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

“ಅದೇ ಅವ್ವ,” ಎಂದೆ.

ಅವ್ವ ಸೌದೆಯ ಮೇಲೆ ಕುಳಿತು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಮುಂದೆ ಬದುಕಿದ್ದಷ್ಟು ಕಾಲ, ಬಂದವರಿಗೆಲ್ಲ ಈ ಕಥೆ ಹೇಳಿ, “ನನ್ ಕೈಯಾರೆ ಕಳ್ದಿದ್ದೆ, ನನ್ ಕೈಯಾರೆ ಉಳಿಸ್ದೆ,” ಎಂದು ಮುಗಿಸಿ, ಹೌದೋ ಅಲ್ಲವೋ ಎಂಬಂತೆ ನನ್ನ ಕಡೆ ನೋಡುವಳು. ನಾನು ಪ್ರತಿ ಸಲವೂ ಹೌದೆಂದು ತಲೆಯಾಡಿಸಿದೆ. ಅವಳ ಕೊನೆಯ ದಿನಗಳಲ್ಲಿ, ಹಾಸಿಗೆಯ ಪಕ್ಕದಲ್ಲಿ ಕುಳಿತು ಕೂಡ. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳೋಣವೆಂದರೆ, ಆ ರುಚಿ ಬಲ್ಲವರು ಯಾರೂ ಉಳಿದಿಲ್ಲ.