ಕೆಂಪು ಮೆಟ್ಟಿಲ ಮೇಲಿನ ರಾಜ ರಾಣಿ

ಚೆರ್ರಿ ಹೂ ನೋಡಲು ತಂಗಿ ಜಯಮ್ಮನೊಂದಿಗೆ ಜಪಾನಿಗೆ ಬಂದಿದ್ದೇನೆ. ಇಲ್ಲೊಂದು ಹಳೆಯ ಮನೆಯಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು, ತುದಿಯಲ್ಲಿ ರಾಜ ರಾಣಿ ಗೊಂಬೆ. ಹೆಣ್ಣುಮಕ್ಕಳಿಗಾಗಿ ಕೂರಿಸುತ್ತಾರಂತೆ. ಮನೆಯ ಅಜ್ಜಿ ರಾಣಿಯ ಮುಖಕ್ಕೆ ಮೆತ್ತನೆಯ ಕಾಗದ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು.

"ಅವ್ವನ ಪಟ್ಟದ ಗೊಂಬೆನೂ ಇಂಗೇ ಇದ್ವು ಕಣಕ್ಕ. ನನ್ ಮದ್ವೇಲಿ ಕೊಡಾಕೆ ಅಂತ ಮಡಗಿದ್ಲು, ಗೆದ್ಲು ತಿಂದ್ಬುಡ್ತು," ಎಂದಳು ಜಯಮ್ಮ.

ನನಗೆ ನಿಲ್ಲಲಾಗಲಿಲ್ಲ. ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದೆ, ಮತ್ತೆ ಬಿಟ್ಟು ಬಂದೆ. ಗೆದ್ದಲಿನ ಕಥೆ ನಾನು ಕಟ್ಟಿದ್ದು.

"ತಿಂದಿಲ್ಲ ಕಣೆ. ಅರಕಲಗೂಡಲ್ಲಿ ನನ್ ಟ್ರಂಕಲ್ಲಿ ಅವೆ. ಆಸೆ ಬಿದ್ದು ಮಡಿಕ್ಕೊಂಡ್ಬುಟ್ಟೆ."

"ಬೀಗದ ಕೈ ಎಲ್ಲೈತೆ?"

ಹೊರಗೆ ನಮ್ಮ ಗುಂಪಿನವರು ಹೂವಿನ ಕೆಳಗೆ ಫೋಟೊಗೆ ಕರೆಯುತ್ತಿದ್ದರು. ಜಯಮ್ಮ ಅಂಗೈ ಚಾಚಿಕೊಂಡೇ ನಿಂತಿದ್ದಳು. ನನ್ನ ಸೊಂಟದ ಗೊಂಚಲಿನಿಂದ ಆ ಒಂದು ಬೀಗದ ಕೈ ಬಿಡಿಸಲು ಬಹಳ ಹೊತ್ತು ಹಿಡಿಯಿತು.