ಕುದುರೆಮುಖ ಹತ್ತಿದ ಮಾನ್ವಿಯ ನೀರು

ಗೆಳೆಯರೇ, ಹೆಬ್ಬೆರಳೊಂದನ್ನು ಬಿಟ್ಟು ಮೈಯೆಲ್ಲ ನೋಯುತ್ತಿದೆ, ಹಾಗಾಗಿ ಟೈಪ್ ಮಾಡಬಲ್ಲೆ. ಇಂದು ಕುದುರೆಮುಖದ ರಾಷ್ಟ್ರೀಯ ಉದ್ಯಾನದಲ್ಲಿ ಬೆಟ್ಟ ಹತ್ತಿದೆ. ಹೆಗಲ ಮೇಲೆ ಮಾನ್ವಿಯ ನಮ್ಮ ಮನೆಯ ನಲ್ಲಿ ನೀರು ತುಂಬಿದ ದೊಡ್ಡ ಕ್ಯಾನ್. ಅವ್ವನ ಅಪ್ಪಣೆ.

"ಕಂಡಕಂಡಲ್ಲಿ ನೀರು ಕುಡುದ್ರ ನೆಗಡಿ ಆಗ್ತದ, ಹೊತ್ಕೋ ಯಪ್ಪಾ," ಎಂದು ಹೇಳಿ ಆಕೆ ಕೈಬೀಸಿಕೊಂಡು ಮುಂದೆ ನಡೆದಳು. ದಾರಿಯುದ್ದಕ್ಕೂ ಹಳ್ಳಗಳು. ದಾಟುವಾಗ ಮೊಣಕಾಲವರೆಗೂ ನೀರು, ಹೆಗಲ ಮೇಲೂ ನೀರು.

ಜೊತೆಗಿದ್ದ ಗೈಡ್ ತಡೆಯಲಾರದೆ ಕೇಳಿದ: "ಸರ್, ಇಲ್ಲಿಗೆ ಇಷ್ಟು ನೀರು ಹೊತ್ತು ತಂದವರನ್ನ ನಾನು ನೋಡೇ ಇಲ್ಲ. ಯಾವ ಊರು ನಿಮ್ದು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ರಾಯಚೂರು ಜಿಲ್ಲಾ ರೀ. ನಮ್ಮ ಕಡಿ ನೀರಿಲ್ದ ಯಾರೂ ಮನಿ ಹೊರಗ ಕಾಲಿಡಂಗಿಲ್ಲ," ಎಂದಳು.

ತುದಿಯಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಇಳಿಯುವಾಗಲಾದರೂ ಹಗುರಾಗಲಿ ಎಂದು ಹೊಟ್ಟೆ ಉಬ್ಬುವಷ್ಟು ಕುಡಿದೆ, ಮುಖ ತೊಳೆದೆ, ಕ್ಯಾನ್ ಖಾಲಿ ಮಾಡಿದೆ. ಇಳಿಯುವಾಗ ಮೊದಲ ಹಳ್ಳ ಸಿಕ್ಕಿದ್ದೇ ಅವ್ವ ಬಗ್ಗಿ ಒಂದು ಬೊಗಸೆ ಕುಡಿದು ನೋಡಿದಳು.

"ಕಲ್ಲುಸಕ್ಕರಿ ಇದ್ದಂಗ ಅದಾವಲ್ಲೋ! ಇಂಥ ನೀರು ನಮ್ಮೂರಾಗ ಎಲ್ಲಿ ಸಿಗ್ತಾವ? ಕ್ಯಾನ್ ತುಂಬು, ಮನೀಗಿ ಒಯ್ಯೂನು."

"ನೆಗಡಿ ಆಗ್ತದ ಅಂದಿದ್ದಿ ಅಲ್ಲಬೇ?"

"ಮನ್ಯಾಗ ಕಾಸಿ ಕುಡಿಯೂನು, ತುಂಬು."

ತುಂಬಿದೆ. ಹೊತ್ತೆ. ಈಗ ಕ್ಯಾನ್ ಕಾರಿನ ಮುಂದಿನ ಸೀಟಿನಲ್ಲಿದೆ. ಅದಕ್ಕೆ ಸೀಟ್ ಬೆಲ್ಟ್ ಹಾಕಿಲ್ಲವೆಂದು ಕಾರು ಕಿರುಚಿಕೊಂಡಿತು, ಹಾಕಿದೆ. ನನ್ನ ಮಂಡಿಗಳಿಗಾಗಿ ಇಡೀ ದಿನ ಯಾರೂ ಹಾಗೆ ಕಿರುಚಲಿಲ್ಲ.