ಜಾಯಿದನ ಲಾರಿಗೆ ಬಿಳಿ ದೀಪ ಬಂದದ್ದು

ನಮ್ಮೂರಿನವರೆಗೆ ರಸ್ತೆ ಬರುವುದಿಲ್ಲ. ಹೊಳೆಯ ಆಚೆ ದಡಕ್ಕೆ ಬಂದು ಅಲ್ಲಿಗೇ ನಿಲ್ಲುತ್ತದೆ. ಅಲ್ಲಿಂದ ಊರಿಗೆ ಮುಕ್ಕಾಲು ಗಂಟೆಯ ಏರುದಾರಿ. ಹೇಸರಗತ್ತೆ ಇದ್ದರೆ ಸಲೀಸು, ಇಲ್ಲದಿದ್ದರೆ ಮೊಣಕಾಲನ್ನು ಬೈದುಕೊಂಡು ಹತ್ತಬೇಕು. ಅಟ್ಲಾಸ್ ಬೆಟ್ಟದ ಈ ಮಗ್ಗುಲಿನಲ್ಲಿ ಹುಟ್ಟಿದವರು ಇದಕ್ಕೆಲ್ಲ ಗೊಣಗುವುದಿಲ್ಲ. ನಾನು ಗೊಣಗುತ್ತೇನೆ, ಅದು ನನ್ನ ಸ್ವಭಾವ.

ಆ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು ಜಾಯಿದ್. ಕುಳ್ಳ ಅಂದರೆ ಕುಳ್ಳ. ಸೀಟಿನ ಮೇಲೆ ಎರಡು ಕಂಬಳಿ ಮಡಿಸಿ ಹಾಕಿ ಕೂತರೇನೇ ಅವನಿಗೆ ರಸ್ತೆ ಕಾಣುತ್ತಿದ್ದುದು. ಪ್ರಾಯದಲ್ಲಿ ಸೈನ್ಯ ಸೇರಿ ದಕ್ಷಿಣದ ಮರಳುಗಾಡಿನಲ್ಲಿ ನೀರಿನ ಟ್ಯಾಂಕರು ಓಡಿಸಿದ್ದ. ಬಿಟ್ಟು ಬರುವಾಗ ಹರಾಜಿನಲ್ಲಿ ಒಂದು ಹಳೆಯ ಲಾರಿ ಹಿಡಿದು ತಂದ. ಅದನ್ನು ಅವನು ಕರೆಯುತ್ತಿದ್ದುದೇ ಅಜ್ಜಿ ಅಂತ. ಸಂತೆಯ ದಿನ ನಮ್ಮನ್ನೂ ನಮ್ಮ ಕುರಿಗಳನ್ನೂ ಒಟ್ಟಿಗೆ ಹೇರಿಕೊಂಡು ಪೇಟೆಗೆ ಹೋಗಿ, ಸಂಜೆ ವಾಪಸ್ ತರುತ್ತಿದ್ದ.

"ಎಷ್ಟೊತ್ತಿಗೆ ಮುಟ್ತೀವಿ ಜಾಯಿದ್?" ಅಂತ ಕೇಳಿದರೆ, "ಅಜ್ಜೀನ ಕೇಳು" ಅನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಕಾಯಿಲೆಯವರನ್ನು ಕರೆದುಕೊಂಡು ಹೋದರೆ ಬಾಡಿಗೆ ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು ಒತ್ತಾಯ ಮಾಡಿದ್ದಕ್ಕೆ ಹೇಳಿದ: "ನೋಡು ಬೆನಾಸರ್, ಸಾಮಾನಿಗೊಂದು ರೇಟು, ಪ್ಯಾಸೆಂಜರಿಗೊಂದು ರೇಟು. ಕಾಯಿಲೆಯೋರು ಎರಡೂ ಅಲ್ಲ. ಅವ್ರಿಗೆ ನನ್ನತ್ರ ರೇಟೇ ಇಲ್ಲ."

ಅಜ್ಜಿಯ ದೀಪಗಳೆರಡೂ ಹಳದಿ. ಫ್ರೆಂಚರ ಕಾಲದ ಪದ್ಧತಿ. ನಮ್ಮ ಕಡೆಯ ಹಳೆಯ ಗಾಡಿಗಳಿಗೆಲ್ಲ ಹಳದಿಯೇ. ಬಲ್ಬಿನ ಹಿಂದೆ ಬೆಳಕನ್ನು ಮುಂದಕ್ಕೆ ತಳ್ಳುವ ಬಟ್ಟಲಿನ ಹೊಳಪು ತುಕ್ಕು ಹಿಡಿದು ಹೋಗಿತ್ತು. ಎಡಗಡೆಯದು ಆಕಾಶ ನೋಡುತ್ತಿತ್ತು, ಬಲಗಡೆಯದು ತನ್ನದೇ ಚಕ್ರವನ್ನು. ರಸ್ತೆ ನೋಡುವ ಕೆಲಸ ಜಾಯಿದನೊಬ್ಬನಿಗೆ ಬಿಟ್ಟದ್ದು. ಆದರೆ ಆ ಮೆಳ್ಳೆಗಣ್ಣಿನಿಂದಲೇ ನಮಗೆ ಗುರುತು. ಘಟ್ಟದ ನೆತ್ತಿಯಿಂದ ಹೊಳೆಯವರೆಗೆ ಏಳು ತಿರುವು. ಮೊದಲ ತಿರುವಿನಲ್ಲಿ ಹಳದಿ ಕಂಡರೆ ಹೆಂಗಸರು ಚಹಾಕ್ಕೆ ನೀರಿಡುತ್ತಿದ್ದರು. ನಾಲ್ಕನೆಯದರಲ್ಲಿ ನಿಲ್ಲಿಸಿ ಅವನು ದೀಪ ಆರಿಸಿ ಹಚ್ಚುತ್ತಿದ್ದ. ಒಂದು ಸಲವಾದರೆ ಬರೀ ಸಾಮಾನು. ಎರಡು ಸಲವಾದರೆ ಜನ. ಮೂರು ಸಲವಾದರೆ ನಡೆಯಲಾರದವರು ಇದ್ದಾರೆ, ಕಂಬಳಿ ತನ್ನಿ ಅಂತ. ಅದನ್ನು ನೋಡಿ ನಾವು ಬೇಕಾದಷ್ಟು ಹೇಸರಗತ್ತೆ ಹೊಡೆದುಕೊಂಡು ಇಳಿಯುತ್ತಿದ್ದೆವು. ಆಗ ಊರಿಗೆ ಕರೆಂಟಿರಲಿಲ್ಲ, ಫೋನಂತೂ ಕೇಳಲೇಬೇಡಿ.

ಆ ರಸ್ತೆಯಲ್ಲಿ ಬಿಳಿ ದೀಪ ಇದ್ದದ್ದು ಒಂದೇ ಗಾಡಿಗೆ, ಅರಣ್ಯದ ಗಾರ್ಡುಗಳ ಹೊಸ ಜೀಪಿಗೆ. ನಮ್ಮ ಬೆಟ್ಟದ ದೇವದಾರು ಮರ ಸರ್ಕಾರದ್ದು. ಹಿಮದ ಭಾರಕ್ಕೆ ಮುರಿದು ಬೀಳುವ ಸೂರು ಮಾತ್ರ ನಮ್ಮದು. ತೊಲೆಗೊಂದು ಮರ ಬೇಕೆಂದು ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಇನ್ನೊಂದು ಚಳಿಗಾಲ ಬಂದಿರುತ್ತದೆ. ಹಾಗಾಗಿ ಊರಲ್ಲಿ ಯಾರ ಕೊಟ್ಟಿಗೆ ಕೆದಕಿದರೂ ಹುಲ್ಲಿನಡಿ ಏನಾದರೂ ಸಿಗುತ್ತಿತ್ತು. ನನ್ನದರಲ್ಲೂ ಒಂದು ತೊಲೆ ಇತ್ತು. ಒಳ್ಳೆಯ ತೊಲೆ.

ಆ ವರ್ಷ ಚಳಿಗಾಲದಲ್ಲಿ ನನ್ನ ಮಗಳು ತೂದಾಳಿಗೆ ಹೆರಿಗೆ ನೋವು ಬಂತು. ಮೊದಲ ಬಸಿರು. ಅವಳ ಗಂಡ ಮಂದೆ ಹೊಡೆದುಕೊಂಡು ಕೆಳಗಿನ ಬಯಲಿಗೆ ಹೋಗಿದ್ದ. ಸೂಲಗಿತ್ತಿ ಒಂದು ಹಗಲೆಲ್ಲ ನೋಡಿ, ಕೈ ತೊಳೆದುಕೊಂಡು, "ಮಗು ಅಡ್ಡ ಇದೆ, ನನ್ನ ಕೈಲಾಗಲ್ಲ" ಅಂದಳು. ಕತ್ತಲಾಗುವ ಹೊತ್ತಿಗೆ ತೂದಾಳನ್ನು ಲಾರಿಯ ಮುಂದಿನ ಸೀಟಿಗೆ ಹತ್ತಿಸಿದೆವು, ಜೊತೆಗೆ ನನ್ನ ಹೆಂಡತಿ ಯತ್ತು ಮತ್ತು ನಾನು.

ರಸ್ತೆಯ ಮೇಲೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿತ್ತು. ಹೊಳೆಯಿಂದ ಹತ್ತುವಾಗ ಎರಡನೇ ತಿರುವಿನಲ್ಲೇ ಜಾಯಿದ್ ಲಾರಿ ನಿಲ್ಲಿಸಿ ನನ್ನ ಕಡೆ ತಿರುಗಿದ. "ಅಂಚು ಕಾಣ್ತಿಲ್ಲ. ನೀನು ಇಳಿ. ಮುಂದೆ ನಡಿ. ನಿನ್ನ ಬೆನ್ನು ನೋಡ್ಕೊಂಡು ಬರ್ತೀನಿ."

ನನ್ನದು ಬಿಳಿ ಉಣ್ಣೆಯ ನಿಲುವಂಗಿ. ಅದನ್ನು ಹೊದ್ದು ನಾನು ಲಾರಿಯ ಮುಂದೆ ನಡೆದೆ, ಒಂದೊಂದು ಹೆಜ್ಜೆಗೂ ಕಾಲಿಂದ ರಸ್ತೆಯನ್ನು ತಡವುತ್ತ. ಹಿಂದೆ ಅಜ್ಜಿ ಕೆಮ್ಮುತ್ತ ಬರುತ್ತಿದ್ದಳು. ಅವಳ ಕೆಮ್ಮಿನ ನಡುವೆ ನನ್ನ ಮಗಳು ಕೂಗುವುದು ಕೇಳುತ್ತಿತ್ತು. ಒಂದು ಕಡೆ ಕಾಲಿಟ್ಟರೆ ನೆಲವೇ ಇರಲಿಲ್ಲ. ನಾನು ಕೈ ಎತ್ತಿದೆ, ಅವನು ಬ್ರೇಕು ಒತ್ತಿದ. ಲಾರಿ ನನ್ನ ಬೆನ್ನಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಮೂರು ಗಂಟೆಯ ದಾರಿಗೆ ಏಳು ಗಂಟೆ ಹಿಡಿಯಿತು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಇನ್ನರ್ಧ ಗಂಟೆ ತಡವಾಗಿದ್ದರೆ ಇಬ್ಬರೂ ಇಲ್ಲ ಅಂದರಂತೆ ಡಾಕ್ಟರು.

ಯತ್ತು ಮಗಳ ಜೊತೆ ಉಳಿದಳು, ನಾನು ಊರಿಗೆ ಮರಳಿದೆ. ಇಳಿಯುವಾಗ ಜಾಯಿದ್ ಅಂದ: "ಪ್ರತಿ ಸಲ ನಿನ್ನ ಬೆನ್ನು ನೋಡ್ಕೊಂಡು ಗಾಡಿ ಹೊಡೆಯೋಕಾಗಲ್ಲ ಬೆನಾಸರ್. ದೀಪ ಬದಲಾಯಿಸ್ತೀನಿ."

ಅವನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಸಂತೆಯಲ್ಲಿ ದೊಡ್ಡ ಹಳದಿ ಬಲ್ಬು ಕೊಂಡು ಹಳೆಯ ಬಟ್ಟಲಿಗೇ ಸಿಕ್ಕಿಸಿದ. ಹತ್ತು ನಿಮಿಷದಲ್ಲಿ ಸ್ಟಿಯರಿಂಗ್ ಪಕ್ಕದ ಸ್ವಿಚ್ಚು ಕರಗಿ ಹೊಗೆ ಬಂತು. ಹಿಂದೆ ಕೂತಿದ್ದವರು ಕುರಿಗಳನ್ನೂ ಬಿಟ್ಟು ಕೆಳಕ್ಕೆ ಹಾರಿದರು. ಮುಂದಿನ ವಾರದ ಕೊನೆಗೆ ಎರಡು ಕುರಿ ಮಾರಿ, ಸಂತೆಯಿಲ್ಲದ ಒಂದು ದಿನ ಅವನೊಬ್ಬನೇ ಪೇಟೆಗೆ ಹೋದ. ಅಲ್ಲಿಯ ಎಲೆಕ್ಟ್ರಿಷಿಯನ್ ಅವನನ್ನು ಚೆನ್ನಾಗಿ ಬೈದನಂತೆ.

"ಬಲ್ಬು ಏನ್ ಮಾಡುತ್ತಯ್ಯಾ? ಬ್ಯಾಟರಿಯಿಂದ ಹೊರಟ ಕರೆಂಟು ನಿನ್ನ ಈ ಹಳೇ ತೆಳ್ಳನೆ ವೈರಲ್ಲಿ ಸುತ್ತಿ ಸುತ್ತಿ ಬರೋ ಹೊತ್ತಿಗೆ ಅರ್ಧ ಸತ್ತಿರುತ್ತೆ."

ಬೈದು ಮುಗಿಸಿ ಎಲೆಕ್ಟ್ರಿಷಿಯನ್ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದ. ನಡುವೆ ಭಾರೀ ಕರೆಂಟನ್ನು ತಾನೇ ಹೊರುವ ರಿಲೇ ಅನ್ನುವ ಪುಟ್ಟ ಡಬ್ಬಿ ಕೂರಿಸಿದ. ಸ್ವಿಚ್ಚಿನ ಕೆಲಸ ಇನ್ನು ಆ ರಿಲೇಯನ್ನು ಎಬ್ಬಿಸುವುದಷ್ಟೇ. ಹೊಸ ಗಾಜು, ಹೊಸ ಬಟ್ಟಲು, ಬಿಳಿ ಬಲ್ಬು. ಗೋಡೆಯ ಮುಂದೆ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡು ದೀಪವೂ ರಸ್ತೆಯನ್ನೇ ನೋಡುವ ಹಾಗೆ ತಿರುಪು ಬಿಗಿದುಕೊಟ್ಟ. ಅವತ್ತು ಜಾಯಿದ್ ಆ ಗೋಡೆಯ ಮುಂದೆ ಮಗುವಿನ ಹಾಗೆ ನಗುತ್ತ ನಿಂತಿದ್ದನಂತೆ. ಎಲೆಕ್ಟ್ರಿಷಿಯನ್ನೇ ಆಮೇಲೆ ನನಗೆ ಹೇಳಿದ್ದು.

ಕೆಲಸ ಮುಗಿಸಿ ಮಗುವನ್ನು ನೋಡಿಕೊಂಡು ಹೋಗೋಣ ಅಂತ ಜಾಯಿದ್ ಆಸ್ಪತ್ರೆಗೆ ಹೋದ. ಅಲ್ಲಿ ತೂದಾಳ ಹಾಸಿಗೆಯಲ್ಲಿ ಆಗಲೇ ಬೇರೆ ಯಾರೋ ಮಲಗಿದ್ದರು. ಜಾಗ ಸಾಲದೆಂದು ಇವಳನ್ನು ಬೆಳಿಗ್ಗೆಯೇ ಕಳಿಸಿಬಿಟ್ಟಿದ್ದರು. ಅಮ್ಮ ಮಗಳು ಕೂಸನ್ನು ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ಅವನು ಮೂವರನ್ನೂ ಹತ್ತಿಸಿಕೊಂಡು ಹೊರಟ. ನಾವು ಅವರನ್ನು ಎದುರು ನೋಡುತ್ತಿದ್ದುದು ಮುಂದಿನ ಸಂತೆಯ ದಿನಕ್ಕೆ.

ಸೂರ್ಯ ಮುಳುಗಿದ ಮೇಲಿನ ನಮಾಜು ಮುಗಿಸಿ ಮಸೀದಿಯಿಂದ ಹೊರಗೆ ಬರುತ್ತಿದ್ದೆವು. ಘಟ್ಟದ ನೆತ್ತಿಯಲ್ಲಿ ಬೆಳಕು ಬಿತ್ತು. ಬೆಳ್ಳಗೆ, ನೇರವಾಗಿ, ಎದುರಿನ ಬಂಡೆಯ ಮೇಲೆ ಬಿದ್ದ ಬೆಳಕು. ಮೊದಲು ಕಂಡದ್ದು ನಮ್ಮ ಮೌಲ್ವಿಗೆ.

"ಬಿಳಿ ದೀಪ ಕಣ್ರೋ," ಅಂದರು ಅವರು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಮನೆ ಕಡೆ ಓಡಿದರು. ಅವರ ಕೊಟ್ಟಿಗೆಯಲ್ಲಿ ಎರಡು ತೊಲೆ ಇದ್ದವು.

ಎರಡು ನಿಮಿಷದಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿತು, ಒಲೆಗಳೂ ಆರಿದವು. ನಾನು ಕೊಟ್ಟಿಗೆಗೆ ನುಗ್ಗಿ ತೊಲೆಯ ಮೇಲೆ ಇನ್ನಷ್ಟು ಬಾರ್ಲಿ ಹುಲ್ಲು ಎಳೆದೆ, ಅದರ ಮೇಲೆ ಆಡನ್ನು ಕಟ್ಟಿದೆ, ಆಮೇಲೆ ಒಳಗೆ ಹೋಗಿ ಕಾಯಿಲೆಯವನ ಹಾಗೆ ಮುಸುಕು ಹಾಕಿ ಮಲಗಿದೆ. ನಾಲ್ಕನೇ ತಿರುವಿನಲ್ಲಿ ದೀಪ ಮೂರು ಸಲ ಆರಿ ಹತ್ತಿದ್ದನ್ನು ನೋಡಲು ಊರಿನಲ್ಲಿ ಒಂದೇ ಒಂದು ಕಣ್ಣೂ ಹೊರಗಿರಲಿಲ್ಲ.

ಹೊಳೆಯ ದಡದಲ್ಲಿ ಜಾಯಿದ್ ಒಂದು ಗಂಟೆ ಕಾದ. ಅಜ್ಜಿಯ ಹಾರ್ನು ಸತ್ತು ಎಷ್ಟೋ ವರ್ಷವಾಗಿತ್ತು. ಕೂಗಿದರೆ ಗಾಳಿ ಎದುರು ದಿಕ್ಕಿನದು. ಮತ್ತೆ ಮತ್ತೆ ಮೂರು ಸಲ ದೀಪ ಆಡಿಸಿದ. ಅವನು ಆಡಿಸುತ್ತಲೇ ಇದ್ದ, ನಾವು ಮುಸುಕು ತೆಗೆಯಲೇ ಇಲ್ಲ. ಹಿಮ ಉದುರತೊಡಗಿತು. ಲಾರಿಯ ಒಂದು ಬದಿಯ ಕಿಟಕಿಗೆ ಗಾಜಿಲ್ಲ, ರಟ್ಟು ಮಾತ್ರ. ತೂದಾ ಗಡಗಡ ನಡುಗುತ್ತಿದ್ದಳು. ಒಬ್ಬನೇ ಹೋಗಿ ಹೇಸರಗತ್ತೆ ತರುವುದೆಂದರೆ ಹೋಗಿ ಬರಲು ಒಂದೂವರೆ ಗಂಟೆ, ಅಷ್ಟು ಹೊತ್ತು ಬಾಣಂತಿಯನ್ನು ಆ ಚಳಿಯಲ್ಲಿ ಬಿಡುವ ಹಾಗಿಲ್ಲ.

"ಅಮ್ಮಾ ತೂದಾ, ನನ್ನ ಕುತ್ತಿಗೆ ಹಿಡ್ಕೋ" ಅಂದನಂತೆ.

"ಬೇಡ ಚಿಕ್ಕಪ್ಪ, ನಾನು ನಿಮಗಿಂತ ಒಂದು ಗೇಣು ಉದ್ದ ಇದ್ದೀನಿ" ಅಂದಳಂತೆ ಇವಳು.

"ಉದ್ದ ಇದ್ರೆ ಕಾಲು ನೆಲಕ್ಕೆ ತಾಗುತ್ತೆ ಅಷ್ಟೇ. ಎತ್ತಿ ಹಿಡ್ಕೋ."

ಐವತ್ತೈದು ವರ್ಷದ ಆ ಕುಳ್ಳ ನನ್ನ ಮಗಳನ್ನು ಬೆನ್ನಿಗೆ ಹಾಕಿಕೊಂಡು ಹೊಳೆಯ ಮೇಲಿನ ಕಾಲುಸಂಕ ದಾಟಿ ಬೆಟ್ಟ ಹತ್ತಿದ. ಹಿಂದೆ ಕೂಸನ್ನು ಎದೆಗೆ ಕಟ್ಟಿಕೊಂಡು ಯತ್ತು. ಮುಕ್ಕಾಲು ಗಂಟೆಯ ದಾರಿಗೆ ಎರಡು ಗಂಟೆ ಆಯಿತು.

ನನ್ನ ಬಾಗಿಲು ಬಡಿದ ಸದ್ದಾಯಿತು. ಗಾರ್ಡುಗಳು ಬಂದೇಬಿಟ್ಟರು ಅಂದುಕೊಂಡೆ. ಮತ್ತೆ ಬಡಿದರು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಮನೇಲಿ ಯಾರೂ ಇಲ್ಲ ಸಾಹೇಬ್ರೆ."

ಹೊರಗಿಂದ ಬಂತು ನನ್ನ ಹೆಂಡತಿಯ ದನಿ, ಏದುಸಿರು ಬಿಡುತ್ತಲೇ:

"ಮನೇಲಿ ಯಾರೂ ಇಲ್ವಂತೆ ಕಣೋ ಜಾಯಿದ್. ಆ ಇಲ್ದೇ ಇರೋನು ಎದ್ದು ಬಾಗ್ಲು ತೆಗೀತಾನಾ ಕೇಳು."

ಆಗ ಕೂಸು ಅತ್ತಿತು. ಎದ್ದು ಬಾಗಿಲಿನ ಅಗಳಿ ತೆಗೆದೆ. ಜಾಯಿದ್ ಬಗ್ಗಿ ನಿಂತಿದ್ದ, ನೆಟ್ಟಗಾಗಲು ಅವನಿಂದ ಆಗುತ್ತಿರಲಿಲ್ಲ. ಮೀಸೆಯ ಮೇಲೆ ಹಿಮ ಕಟ್ಟಿತ್ತು. ಅವನ ಬೆನ್ನಿನ ಮೇಲೆ ನನ್ನ ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಒಳಗೆ ತಂದು ಚಾಪೆಯ ಮೇಲೆ ಮಲಗಿಸಿದ. ಒಲೆ ತಣ್ಣಗಿತ್ತು, ನಾನೇ ಆರಿಸಿದ್ದೆ. ಅವನು ಅದನ್ನು ನೋಡಿದ, ನನ್ನನ್ನೂ ನೋಡಿದ.

"ಬಾಗ್ಲು ಹಾಕು, ಗಾಳಿ ಬರ್ತಿದೆ" ಅಂದ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ತೂದಾಳಿಗೆ ಹನ್ನೊಂದು ದಿನ ಜ್ವರ. ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಅವಳು ಎದ್ದು ಕೂತು ಬಾರ್ಲಿ ಗಂಜಿ ಕುಡಿಯುವವರೆಗೆ ನಾನು ಯಾರಿಗೂ ಮುಖ ತೋರಿಸಲಿಲ್ಲ. ಯತ್ತು ಮಾತಾಡಿದ್ದೆಲ್ಲ ಕೂಸಿನ ಹತ್ತಿರ: "ನಿಮ್ಮಜ್ಜ ಮನೇಲಿಲ್ಲ ಕಂದಾ, ಸಾಹೇಬ್ರು ಬಂದ್ರೆ ಹೇಳು." ನಾನು ಕೇಳಿಸಿಕೊಂಡೆ. ಕೇಳಿಸಿಕೊಳ್ಳಬೇಕಾದ್ದೇ.

ಜ್ವರ ಬಿಟ್ಟ ದಿನ ಜಾಯಿದ್ ಚಹಾಕ್ಕೆ ಬಂದ. ಲೋಟ ಕೈಯಲ್ಲಿ ತಿರುಗಿಸುತ್ತ, "ತಪ್ಪು ನಂದೇ. ದೀಪ ಬದಲಾಯಿಸ್ತೀನಿ ಅಂದಿದ್ದೆ, ಬಿಳಿ ಅಂತ ಹೇಳಿರ್ಲಿಲ್ಲ. ಹಳದಿ ಬಲ್ಬನ್ನೇ ಮತ್ತೆ ಹಾಕ್ಸ್ತೀನಿ" ಅಂದ.

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಆದರೆ ಬೈದದ್ದು ಅವನನ್ನೇ. "ಹಾಕ್ಸಿ ನೋಡು, ಕಲ್ಲು ಹೊಡೆದು ಒಡೀತೀನಿ. ಯಾರ ಮಗಳಿಗೋಸ್ಕರ ಹಾಕ್ಸಿದ್ಯೋ ಅವಳ ಅಪ್ಪ ಹುಲ್ಲಲ್ಲಿ ತಲೆ ತೂರಿಸ್ಕೊಂಡು ಕೂತಿದ್ದ. ಅದಕ್ಕೆ ದೀಪ ಏನ್ ಮಾಡುತ್ತೆ?"

ಶುಕ್ರವಾರ ಮಸೀದಿಯಲ್ಲಿ ಎಲ್ಲರ ಮುಂದೆ ನಾನು ನಡೆದದ್ದನ್ನು ಹೇಳಿದೆ. ಮೌಲ್ವಿ ತಲೆ ತಗ್ಗಿಸಿದರು, ಉಳಿದವರೂ ತಗ್ಗಿಸಿದರು. ಅವತ್ತು ತೀರ್ಮಾನವಾಯಿತು: ಘಟ್ಟದ ಮೇಲೆ ಯಾವ ಬಣ್ಣದ ಬೆಳಕು ಕಂಡರೂ ಸರದಿಯವನು ಎರಡು ಹೇಸರಗತ್ತೆ ಹೊಡೆದುಕೊಂಡು ಹೊಳೆಗೆ ಇಳಿಯಬೇಕು.

ಮೂರನೇ ವಾರ ನನ್ನ ಸರದಿ. ಬಿಳಿ ಬೆಳಕು ಕಂಡಿತು, ಇಳಿದೆ. ಜೀಪಿನಿಂದ ಇಳಿದವನು ಗಾರ್ಡು.

"ನಾವು ಬರ್ತೀವಿ ಅಂತ ನಿಂಗ್ಯಾರು ಹೇಳಿದ್ದು?" ಅಂದ, ಅನುಮಾನದಿಂದ.

"ಯಾರೂ ಹೇಳಿಲ್ಲ ಸಾಹೇಬ್ರೆ. ಬೆಳಕು ಕಾಣ್ತು, ಬಂದೆ."

ಅವನು ನನ್ನ ಹೇಸರಗತ್ತೆಯ ಮೇಲೇ ಕೂತು ಊರು ಹತ್ತಿದ. ನಾನೇ ಲಗಾಮು ಹಿಡಿದು ನಡೆದೆ. ನನ್ನ ಮೇಲಿನ ಅನುಮಾನ ಅವನಿಗೆ ಹೋಗಿರಲಿಲ್ಲ, ನೇರ ನನ್ನ ಕೊಟ್ಟಿಗೆಗೇ ಹೋಗಿ ಆಡನ್ನು ಬಿಚ್ಚಿ, ಹುಲ್ಲು ಸರಿಸಿ ತೊಲೆ ನೋಡಿದ. ದಂಡ ಬರೆದ. ತೊಲೆಯೂ ಹೋಯಿತು.

ಅದಾಗಿ ನಾಲ್ಕು ದಿನಕ್ಕೆ, ಸಂತೆಯಲ್ಲದ ದಿನವೇ, ಸಂಜೆ ಮತ್ತೆ ನೆತ್ತಿಯಲ್ಲಿ ಬಿಳಿ ಬೆಳಕು. ಸರದಿಯವನಿಗೆ ಕೆಮ್ಮು. ನಾನು ಎದ್ದು ನಿಲುವಂಗಿ ಹೊದ್ದುಕೊಂಡೆ. ಯತ್ತು ಬಾಗಿಲಲ್ಲಿ ಅಡ್ಡ ನಿಂತಿದ್ದಳು, ತೋಳಲ್ಲಿ ಕೂಸು.

"ಈ ಸಲಾನೂ ಅವ್ರೇ ಆದ್ರೆ?"

"ಆದ್ರೆ ಆಗ್ಲಿ" ಅಂದೆ.

ಅವಳು ಪಕ್ಕಕ್ಕೆ ಸರಿದು ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿದಳು. ನಾನು ಹೇಸರಗತ್ತೆಯ ಹಗ್ಗ ಬಿಚ್ಚಿದೆ.